ಥೈರಾಯ್ಡ್ ಕ್ಯಾನ್ಸರ್ ಚಿಕಿತ್ಸೆಯ ನಂತರ: ಸ್ಕ್ಯಾನ್ ವರದಿಯನ್ನು ಅರಿಯುವ ಬಗೆ

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಗೆ ತಗಲುವ ಕ್ಯಾನ್ಸರುಗಳಲ್ಲಿ ಪ್ಯಾಪಿಲರಿ ಮತ್ತು ಫಾಲಿಕ್ಯುಲರ್ ಎಂಬ ಎರಡು ಬಗೆಗಳೇ ಹೆಚ್ಚು. ಶಸ್ತ್ರಚಿಕಿತ್ಸೆಯಿಂದ ಗ್ರಂಥಿಯನ್ನು ತೆಗೆದು, ಅಗತ್ಯವಿರುವವರಿಗೆ ವಿಕಿರಣಶೀಲ ಅಯೋಡಿನ್ ನೀಡಲಾಗುತ್ತದೆ. ಬಹುತೇಕರು ಗುಣಮುಖರಾಗುತ್ತಾರೆ. ಆದರೂ ಅನಂತರದ ವರದಿಯಲ್ಲಿರುವ ಒಂದು ಅಪರಿಚಿತ ಪದ ಮನೆಮಂದಿಯ ನಿದ್ದೆ ಕೆಡಿಸುವುದುಂಟು. ಆದ್ದರಿಂದ ಈ ವರದಿಗಳನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂಬುದನ್ನು ನಾವು ಇಲ್ಲಿ ನೋಡೋಣ.

ಸ್ಕ್ಯಾನ್ ತೋರಿಸುವುದೇನು?

ರಕ್ತದಲ್ಲಿರುವ ಅಯೋಡಿನ್ ಅನ್ನು ಹೀರಿಕೊಳ್ಳುವುದು ಥೈರಾಯ್ಡ್ ಕೋಶಗಳ ಸಹಜಗುಣ. ಈ ಬಗೆಯ ಕ್ಯಾನ್ಸರ್ ಕೋಶಗಳಲ್ಲಿಯೂ ಸಾಮಾನ್ಯವಾಗಿ ಆ ಗುಣ ಉಳಿದಿರುತ್ತದೆ. ವಿಕಿರಣಶೀಲ ಅಯೋಡಿನ್ ನೀಡಿದಾಗ ಅದು ಎಲ್ಲೆಲ್ಲಿ ಸೇರಿದೆಯೆಂಬುದನ್ನು ವಿಶೇಷ ಕ್ಯಾಮೆರಾ ಗುರುತಿಸುತ್ತದೆ. ಚಿಕಿತ್ಸೆಯಾದ ಸುಮಾರು ಒಂದು ವಾರದೊಳಗೆ ಮೊದಲ ಸ್ಕ್ಯಾನ್ ನಡೆಯುತ್ತದೆ. ಕೆಲವರಿಗೆ 6ರಿಂದ 12 ತಿಂಗಳ ನಂತರ ಅಲ್ಪಪ್ರಮಾಣದ ಅಯೋಡಿನ್ನಿನಿಂದ ಮತ್ತೊಮ್ಮೆ ಮಾಡುತ್ತಾರೆ. ಇದು ಎಲ್ಲರಿಗೂ ಬೇಕಿಲ್ಲ.

ಚುಕ್ಕೆಗಳೆಲ್ಲವೂ ಕ್ಯಾನ್ಸರ್ ಅಲ್ಲ

ಲಾಲಾಗ್ರಂಥಿ, ಮೂಗು, ಜಠರ, ಕರುಳು, ಮೂತ್ರಕೋಶಗಳಲ್ಲಿ ಅಯೋಡಿನ್ ಕಾಣುವುದು ಸಹಜ. ಚಿಕಿತ್ಸೆಯ ನಂತರದ ಸ್ಕ್ಯಾನಿನಲ್ಲಿ ಯಕೃತ್ತೂ ಕಾಣಬಹುದು. ಬಟ್ಟೆಗೆ ತಾಗಿದ ಎಂಜಲು ಅಥವಾ ಮೂತ್ರದ ಹನಿಯೂ ಚುಕ್ಕೆಯಾಗಿ ಮೂಡಬಲ್ಲದು. ‘ಥೈರಾಯ್ಡ್ ಬೆಡ್’ನಲ್ಲಿ ‘ರೆಸಿಡ್ಯುಯಲ್ ಅಪ್‌ಟೇಕ್’ ಎಂಬ ಮಾತು ಮೊದಲ ವರದಿಯಲ್ಲಿ ತೀರ ಸಾಮಾನ್ಯ. ಶಸ್ತ್ರಚಿಕಿತ್ಸೆಯಲ್ಲಿ ಉಳಿದ ಥೈರಾಯ್ಡಿನ ಚೂರು ಅಯೋಡಿನ್ ಹೀರಿಕೊಂಡಿದೆ ಎಂಬುದೇ ಬಹುಮಟ್ಟಿಗೆ ಅದರ ಅರ್ಥ, ರೋಗ ಮರಳಿದೆಯೆಂದಲ್ಲ. ಆದರೆ ದುಗ್ಧರಸ ಗ್ರಂಥಿ, ಶ್ವಾಸಕೋಶ ಅಥವಾ ಮೂಳೆಯಲ್ಲಿ ಹೀರಿಕೆ ಕಂಡರೆ ಹೆಚ್ಚಿನ ಪರಿಶೀಲನೆ ಅವಶ್ಯ.

ಮೂರನ್ನೂ ಜೊತೆಗಿಟ್ಟು ನೋಡಬೇಕು

ಸ್ಕ್ಯಾನ್ ಒಂದೇ ಅಂತಿಮ ತೀರ್ಪಲ್ಲ. ಥೈರೋಗ್ಲೋಬುಲಿನ್ ಎಂಬ ಪ್ರೋಟೀನನ್ನು ಥೈರಾಯ್ಡ್ ಕೋಶಗಳು ಮಾತ್ರ ತಯಾರಿಸುತ್ತವೆ. ಗ್ರಂಥಿಯನ್ನು ಪೂರ್ತಿ ತೆಗೆದು ಅಯೋಡಿನ್ ಚಿಕಿತ್ಸೆಯೂ ಆದ ಮೇಲೆ ರಕ್ತದಲ್ಲಿ ಅದು ಕಾಣದಷ್ಟು ಕಡಿಮೆಯಿರುವುದು ಶುಭಸೂಚನೆ. ಒಂದು ಸಲದ ಅಂಕಿಗಿಂತ ಪರೀಕ್ಷೆಯಿಂದ ಪರೀಕ್ಷೆಗೆ ಅದು ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದು ಮುಖ್ಯ. ಇದರ ಜೊತೆಗೇ ಪ್ರತಿಕಾಯಗಳ ಪರೀಕ್ಷೆಯೂ ಆಗಬೇಕು. ಪ್ರತಿಕಾಯಗಳಿದ್ದರೆ ಥೈರೋಗ್ಲೋಬುಲಿನ್ ಅಂಕಿ ಹುಸಿಯಾಗಿ ಕಡಿಮೆ ಕಾಣಬಹುದು.

ಮೂರನೆಯದು ಕೊರಳಿನ ಅಲ್ಟ್ರಾಸೌಂಡ್. ರೋಗ ಮರುಕಳಿಸುವುದಾದರೆ ಹೆಚ್ಚಾಗಿ ಕೊರಳಿನಲ್ಲೇ. ಆದರೆ ನೆಗಡಿ, ಹಲ್ಲಿನ ಸೋಂಕುಗಳಿಂದಲೂ ಅಲ್ಲಿನ ದುಗ್ಧರಸ ಗ್ರಂಥಿಗಳು ಊದಿಕೊಳ್ಳುತ್ತವೆ. ಸಂಶಯವಿದ್ದರೆ ಸೂಜಿಯಿಂದ ಮಾದರಿ ತೆಗೆದು ಪರೀಕ್ಷಿಸುತ್ತಾರೆ.

ಸ್ಕ್ಯಾನ್ ಶುಭ್ರವಾಗಿದ್ದೂ ಥೈರೋಗ್ಲೋಬುಲಿನ್ ಏರುತ್ತಿದ್ದರೆ ಅಲಕ್ಷಿಸಲಾಗದು. ಕೆಲವು ಕ್ಯಾನ್ಸರ್ ಕೋಶಗಳು ಅಯೋಡಿನ್ ಹೀರುವ ಗುಣವನ್ನೇ ಕಳೆದುಕೊಂಡಿರುತ್ತವೆ. ಅಂಥವನ್ನು ಹುಡುಕಲು ಪೆಟ್ ಸ್ಕ್ಯಾನ್ ನೆರವಾಗುತ್ತದೆ. ಮೆಡ್ಯುಲರಿ ಎಂಬ ಇನ್ನೊಂದು ಬಗೆಯ ಕ್ಯಾನ್ಸರಿಗೆ ಅಯೋಡಿನ್ ಸ್ಕ್ಯಾನ್ ಉಪಯೋಗವಿಲ್ಲ. ಅದಕ್ಕೆ ಕ್ಯಾಲ್ಸಿಟೋನಿನ್ ರಕ್ತಪರೀಕ್ಷೆ ಬೇಕು.

ಪರೀಕ್ಷೆಗೆ ಮುನ್ನ

ಶರೀರದಲ್ಲಿ ಅಯೋಡಿನ್ ತುಂಬಿದ್ದರೆ ಸ್ಕ್ಯಾನ್ ಸ್ಪಷ್ಟವಾಗದು. ಅದಕ್ಕಾಗಿ ಒಂದೆರಡು ವಾರ ಪಥ್ಯ ಹೇಳುತ್ತಾರೆ. ನಮ್ಮ ದೇಶದಲ್ಲಿ 2006ರಿಂದ ಊಟಕ್ಕಾಗಿ ಮಾರುವ ಉಪ್ಪು ಅಯೋಡಿನ್‌ಯುಕ್ತವಾಗಿರಬೇಕೆಂಬ ನಿಯಮವಿದೆ. ಮದುವೆ, ಜಾತ್ರೆ, ದಾಸೋಹಗಳ ಅಡುಗೆಗೂ ಅದೇ ಉಪ್ಪು ಬಳಕೆಯಾಗುವುದರಿಂದ, ಆ ಕೆಲವು ದಿನ ಮನೆಯ ಪಥ್ಯದೂಟವೇ ಲೇಸು. ಹಾಲು ಮೊಸರುಗಳಲ್ಲಿಯೂ ಅಯೋಡಿನ್ ಇರುತ್ತದೆ. ಯಾವ ಉಪ್ಪು ಬಳಸಬಹುದೆಂದು ವೈದ್ಯರನ್ನೇ ಕೇಳಿರಿ. ಇತ್ತೀಚೆಗೆ ಕಾಂಟ್ರಾಸ್ಟ್ ಔಷಧ ನೀಡಿ ಸಿ.ಟಿ. ಸ್ಕ್ಯಾನ್ ಮಾಡಿದ್ದರೆ ತಿಳಿಸಿರಿ. ಗರ್ಭಿಣಿಯರೂ ಎದೆಹಾಲುಣಿಸುವ ತಾಯಂದಿರೂ ಅದನ್ನು ಮೊದಲೇ ಹೇಳಲೇಬೇಕು. ಥೈರಾಕ್ಸಿನ್ ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬಾರದು.

ಎಲ್ಲ ವರದಿಗಳನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿರಿಸಿ, ಸಾಧ್ಯವಾದರೆ ರಕ್ತಪರೀಕ್ಷೆಯನ್ನು ಪ್ರತಿಸಲ ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿರಿ. ವೈದ್ಯರ ಬಳಿ ಹೋದಾಗ “ಕಳೆದ ಸಲಕ್ಕಿಂತ ಏನು ಬದಲಾಗಿದೆ?” ಎಂದು ತಪ್ಪದೆ ಕೇಳಿರಿ. ಒಂದು ಪದಕ್ಕೆ ಅಂಜಿ ಕುಗ್ಗುವುದೂ ಬೇಡ, ಒಂದು ಶುಭ್ರ ಸ್ಕ್ಯಾನ್ ನೆಚ್ಚಿ ಮುಂದಿನ ತಪಾಸಣೆಯನ್ನು ಬಿಡುವುದೂ ಬೇಡ.