ವಾರಕ್ಕೊಂದು ಭಾಗ, ವರುಷಕ್ಕೊಂದು ಆವೃತ್ತಿ

ಪ್ರಶ್ನೆ: ಯೆಹೂದ್ಯರು ತಮ್ಮ ಧರ್ಮಗ್ರಂಥವನ್ನು ವಾರವಾರವೂ ನಿಯತವಾಗಿ ಓದುವರಂತೆ, ಇದರ ಕ್ರಮವೇನು?

ಉತ್ತರ: ಮೋಶೆಯ ಐದು ಗ್ರಂಥಗಳೆಂದು ಪ್ರಸಿದ್ಧವಾದ ತೋರಾವನ್ನು 54 ಭಾಗಗಳಾಗಿ ವಿಂಗಡಿಸಿ, ಸಬ್ಬತ್ ದಿನವಾದ ಶನಿವಾರ ಬೆಳಗ್ಗೆ ಸಭಾಮಂದಿರದಲ್ಲಿ ಸರದಿಯಂತೆ ಪಠಿಸುತ್ತ, ವರುಷಕ್ಕೊಮ್ಮೆ ಸಮಾಪ್ತಿಗೊಳಿಸುವುದು ಸಾಮಾನ್ಯ ರೂಢಿ. ಪ್ರಾಚೀನ ಪ್ಯಾಲೆಸ್ಟೈನಿನಲ್ಲಿ ಸುಮಾರು ಮೂರು ವರುಷಗಳ ಆವೃತ್ತಿಯಿದ್ದಿತು. ಬ್ಯಾಬಿಲೋನಿನ ಯೆಹೂದ್ಯರ ಏಕವಾರ್ಷಿಕ ಕ್ರಮವೇ ಕಡೆಗೆ ನೆಲೆನಿಂತಿತು. ಅವರ ಪಂಚಾಂಗದಲ್ಲಿಯೂ ನಮ್ಮಂತೆ ಅಧಿಕಮಾಸವುಂಟಾದುದರಿಂದ, ಅದಿಲ್ಲದ ವರುಷಗಳಲ್ಲಿ ಕೆಲವು ಭಾಗಗಳನ್ನು ಜೋಡಿಯಾಗಿ ಓದಿ ಲೆಕ್ಕವನ್ನು ಸರಿದೂಗಿಸುವರು.

ಓದುವ ಕಾರ್ಯ ಸುಲಭವೆಂದು ಭಾವಿಸಬೇಡಿ. ಚರ್ಮದ ಸುರುಳಿಯ ಮೇಲೆ ಕೈಯಿಂದಲೇ ಬರೆದ ಆ ಪಾಠದಲ್ಲಿ ಸ್ವರಚಿಹ್ನೆಯಾಗಲಿ ರಾಗಸಂಕೇತವಾಗಲಿ ವಿರಾಮಚಿಹ್ನೆಯಾಗಲಿ ಇಲ್ಲದಿರುವುದರಿಂದ, ಓದುವಾತನು ಅವೆಲ್ಲವನ್ನೂ ಮುಂಚಿತವಾಗಿ ಅಭ್ಯಾಸಮಾಡಿ ನೆನಪಿನಲ್ಲಿರಿಸಿಕೊಂಡು, ಅಕ್ಷರಗಳನ್ನು ಬೆರಳಿನಿಂದ ಮುಟ್ಟದೆ, ತುದಿಯಲ್ಲಿ ಪುಟ್ಟ ಹಸ್ತದ ಆಕೃತಿಯುಳ್ಳ, ಸಾಮಾನ್ಯವಾಗಿ ಬೆಳ್ಳಿಯದಾದ ಕಡ್ಡಿಯಿಂದ ಸಾಲುಗಳನ್ನು ಅನುಸರಿಸಬೇಕು. ಅರ್ಥ ಕೆಡುವಂತೆ ಉಚ್ಚರಿಸಿದನೋ, ಕೇಳುತ್ತಿರುವವರು ಅಲ್ಲಿಯೇ ತಿದ್ದುವರು, ದಾಕ್ಷಿಣ್ಯಕ್ಕೆ ಎಡೆಯಿಲ್ಲ.

ಸಭೆಯಲ್ಲಿ ಕೇಳಿದರಷ್ಟೇ ಸಾಲದು. ಆ ವಾರದ ಭಾಗದ ಮೂಲವನ್ನು ಎರಡು ಸಲ, ಅರಮೀಯ ಭಾಷಾಂತರವನ್ನು ಒಂದು ಸಲ ಸ್ವತಃ ಓದಬೇಕೆಂದು ಯೆಹೂದ್ಯರ ಧರ್ಮಶಾಸ್ತ್ರಗ್ರಂಥವಾದ ತಾಲ್ಮುದ್ ವಿಧಿಸುತ್ತದೆ. ಭಾಷಾಂತರಕ್ಕೆ ಬದಲಾಗಿ ಫ್ರಾನ್ಸಿನ ಪಂಡಿತ ರಾಶಿಯ (1040–1105) ವ್ಯಾಖ್ಯಾನವನ್ನು ಹಿಡಿಯುವವರೂ ಉಂಟು. ಈ ಸಂಪ್ರದಾಯದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಅದರ ಮುಕ್ತಾಯದ ರೀತಿ: ಶರತ್ಕಾಲದ ಸಿಮ್ಖತ್ ತೋರಾ ಹಬ್ಬದಲ್ಲಿ ಸುರುಳಿಗಳನ್ನೆತ್ತಿಕೊಂಡು ಕುಣಿದು, ಮೋಶೆಯ ಮರಣವನ್ನು ಹೇಳುವ ಕೊನೆಯ ಅಧ್ಯಾಯವನ್ನು ಓದಿ, ಮರುದಿನಕ್ಕೂ ಕಾಯದೆ ಆಗಲೇ ಸೃಷ್ಟಿಯ ಕಥೆಯನ್ನು ಮೊದಲಿನಿಂದ ಆರಂಭಿಸುವರು.