ಸೀರೆ ಸವೆದರೂ ಸೆರಗು ಉಂಟು

ಧನಕವಡಿಯಿಂದ ಬೆಳಗಿನ ಹೊತ್ತು ಸಾತಾರಾ ರಸ್ತೆಗೆ ಇಳಿದರೆ, ಸ್ಕೂಟರಿನ ಮೇಲೆ ಸಾಗುವ ಹೆಣ್ಣುಮಕ್ಕಳ ಕಣ್ಣುಗಳಷ್ಟೇ ಕಾಣುತ್ತವೆ, ಮುಖವೆಲ್ಲ ಸ್ಕಾರ್ಫಿನೊಳಗೆ. ಪುಣೆಯ ಬಿಸಿಲಿಗೂ ಧೂಳಿಗೂ ಅದು ತಕ್ಕ ಉಪಾಯವೇ. ಆದರೆ ಅದಕ್ಕೆ ಹತ್ತಿಯ ಬಟ್ಟೆಯೇ ಲೇಸು: ಬೆವರು ಹೀರುತ್ತದೆ, ಜಾರುವುದಿಲ್ಲ, ದಿನವೂ ಒಗೆಯಬಹುದು. ರೇಷ್ಮೆಯ ಸ್ಕಾರ್ಫು ಚಳಿಗಾಲದ ಸಂಜೆಗೆ, ಸಂಗೀತ ಕಛೇರಿಗೆ, ಮದುವೆಮನೆಗೆ. ಅದನ್ನು ಕೊಳ್ಳಲು ಅಂಗಡಿಗೇ ಹೋಗಬೇಕೆಂದಿಲ್ಲ. ನಮ್ಮಲ್ಲಿ ಅನೇಕರ ಟ್ರಂಕಿನಲ್ಲಿಯೇ ಅದು ಇದೆ.

ಇಳಕಲ್ ಸೀರೆಯ ಮಾತು ಹೇಳುತ್ತಿದ್ದೇನೆ. ನೆರೆಯ ಮರಾಠಿ ಸೋದರಿಯರು ಅದನ್ನೇ 'ಇರಕಲ' ಎನ್ನುತ್ತಾರೆ. ಒಡಲು ಹತ್ತಿಯದಾದರೂ ಅದರ ಕೆಂಪು ಸೆರಗಿನ ಹಾಸು ರೇಷ್ಮೆಯದು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆ ಸಿದ್ಧಮಾಡಿ, ಎಳೆಗೆ ಎಳೆ ಸಿಕ್ಕಿಸಿ ಕೂಡಿಸುತ್ತಾರೆ. ನೇಕಾರರು ಇದಕ್ಕೆ ಕೊಂಡಿ ಎನ್ನುತ್ತಾರೆ. ಹೀಗಾಗಿ ನಿರಿಗೆಯ ಬಳಿ ಒಡಲು ಸವೆದು ಜಾಳಾದರೂ ಸೆರಗು ಹೊಳೆಯುತ್ತಲೇ ಇರುತ್ತದೆ. ಗಟ್ಟಿಯಾಗಿರುವ ಸೀರೆಗೆ ಮಾತ್ರ ಕತ್ತರಿ ಹಾಕಬೇಡಿ. ಸವೆದ ಸೀರೆಯಾದರೂ ಮನೆಯ ಹಿರಿಯರನ್ನು ಒಂದು ಮಾತು ಕೇಳಿಯೇ ಕತ್ತರಿ ತೆಗೆಯಿರಿ. ಅದನ್ನು ಉಟ್ಟವರು ಅವರು.

ಕೊಂಡಿಯ ಮೇಲೆಯೇ ಕತ್ತರಿಸಿದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ಒಡಲಿನ ಕಡೆಗೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಅಂಚು ಮಡಿಚಿ ಕೈಯಿಂದ ಹೊಲಿಯಿರಿ. ಸೀರೆಯ ಅಗಲವೇ ಈಗ ಸ್ಕಾರ್ಫಿನ ಉದ್ದ, ಸುಮಾರು 45 ಅಂಗುಲ. ಉದ್ದುದ್ದಕ್ಕೆ ನಾಲ್ಕು ಪದರು ಮಡಿಚಿ ಕೊರಳಿಗೆ ಒಂದು ಸುತ್ತು ತಂದರೆ ಎರಡು ತುದಿಗಳೂ ಎದೆಯ ಮೇಲೆ ಬೀಳುತ್ತವೆ. ಬಿಳಿಯ ಇಲ್ಲವೆ ಬೂದುಬಣ್ಣದ ಸ್ವೆಟರಿನ ಮೇಲೆ ಆ ಕೆಂಪು ಒಪ್ಪುವಂತೆ ಬೇರೇನೂ ಒಪ್ಪದು. ಗಂಡಸರೂ ಕೋಟಿನ ಕಾಲರಿನೊಳಗೆ ಧರಿಸಬಹುದು, ನಾಚಿಕೆಯೇಕೆ? ಗಂಟು ಸಡಿಲವಾಗಿರಲಿ. ಪಿನ್ನು ಬೇಡ, ರೇಷ್ಮೆಯಲ್ಲಿ ಬಿದ್ದ ತೂತು ಮುಚ್ಚುವುದು ಕಷ್ಟ.

ಸ್ಕೂಟರು ಹತ್ತುವಾಗ ಮಾತ್ರ ಅದನ್ನು ಬಿಚ್ಚಿ ಚೀಲದಲ್ಲಿಡಿ. 1927ರ ಸೆಪ್ಟೆಂಬರ್ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ಖ್ಯಾತ ನರ್ತಕಿ ಇಸಡೋರಾ ಡಂಕನ್ ತೆರೆದ ಮೋಟಾರಿನಲ್ಲಿ ಕುಳಿತಿದ್ದಾಗ, ಕೊರಳಿನ ಉದ್ದನೆಯ ರೇಷ್ಮೆವಸ್ತ್ರ ಚಕ್ರಕ್ಕೆ ಸುತ್ತಿಕೊಂಡು ಪ್ರಾಣವನ್ನೇ ತೆಗೆಯಿತು. ಸ್ಕೂಟರಿನ ಹಿಂದೆ ಒಂದೇ ಮಗ್ಗುಲಿಗೆ ಕುಳಿತವರ ಸೆರಗು, ಓಢಣಿಗಳಿಗೂ ಇದೇ ಅಪಾಯ.

ಕೆಲವು ಸೀರೆಗಳ ಸೆರಗು ಕೃತಕ ರೇಷ್ಮೆಯದಿರುತ್ತದೆ. ಸೆರಗಿನ ಹಾಸಿನ ಒಂದು ಎಳೆ ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದ ಸುಟ್ಟಂತಾದರೆ ರೇಯಾನು. ಕೂದಲಿನ ವಾಸನೆ ಬರಲು ಕಾರಣವುಂಟು. ಕೂದಲಿನಂತೆ ರೇಷ್ಮೆಯೂ ಪ್ರೋಟೀನು. ಒಗೆಯುವಾಗಲೂ ಇದೇ ನೆನಪಿರಲಿ. ಸೋಡಾ, ಖಾರದ ಸಾಬೂನು ಅದನ್ನು ಸೊರಗಿಸುತ್ತವೆ. ರಕ್ತ, ಹಾಲಿನ ಕಲೆ ತೆಗೆಯಲೆಂದು ಕಿಣ್ವ ಬೆರೆಸಿದ ಪುಡಿಗಳು ಕಲೆಯೊಂದಿಗೆ ರೇಷ್ಮೆಯನ್ನೂ ತಿನ್ನುತ್ತವೆ. ಅಜ್ಜಿಯರ ಅಂಟುವಾಳಕಾಯಿಯೇ ಸಾಕು.

ಮೊದಲು ಒದ್ದೆಯಾದ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ನೋಡಿ. ಕೆಂಪು ಬಿಟ್ಟರೆ ಮನೆಯಲ್ಲಿ ಒಗೆಯದೆ ಡ್ರೈಕ್ಲೀನಿಂಗಿಗೆ ಕೊಡಿ. ಬಿಡದಿದ್ದರೆ ತಣ್ಣೀರಿನಲ್ಲಿ ಬೇಗನೆ ಅದ್ದಿ ತೆಗೆಯಿರಿ. ಒದ್ದೆ ರೇಷ್ಮೆಗೆ ಬಲ ಕಡಿಮೆ, ಆದ್ದರಿಂದ ಹಿಂಡಬೇಡಿ. ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ನೆರಳಿನಲ್ಲಿ ಹರವಿರಿ. ಸ್ವಲ್ಪ ಹಸಿ ಇರುವಾಗಲೇ ಒಳಮೈಯಿಂದ ಕಡಿಮೆ ಕಾವಿನ ಇಸ್ತ್ರಿ ಆಗಬೇಕು. ಒಣಗಿದ ಮೇಲೆ ನೀರು ಚಿಮುಕಿಸಿದರೆ ಹನಿಯ ಗುರುತು ಉಳಿದೀತು. ಅತ್ತರು, ಸೆಂಟುಗಳನ್ನು ಮೊದಲು ಹಾಕಿಕೊಂಡು, ಅವು ಆರಿದ ಮೇಲೆ ಸ್ಕಾರ್ಫು ಧರಿಸಿರಿ.

ಇಡುವಾಗ ಪ್ಲಾಸ್ಟಿಕ್ ಚೀಲ ಬೇಡ. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಡಿ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಗೆ ತಾಗದಂತೆ ಬೇರೆ ಗಂಟಿನಲ್ಲಿರಲಿ. ಮಳೆಗಾಲ ಮುಗಿದು ದಸರೆಯ ಹೊತ್ತಿಗೆ ಹೊರತೆಗೆದು ನೆರಳಿನ ಗಾಳಿಗೆ ಹರಡಿ, ಹಳೆಯ ಗೆರೆಯ ಮೇಲೆ ಬೀಳದಂತೆ ಮಡಿಕೆ ಬದಲಿಸಿ ಇಡಿ. ರೇಷ್ಮೆ ಸೀಳುವುದು ಹೆಚ್ಚಾಗಿ ಆ ಗೆರೆಯಲ್ಲಿಯೇ.