ರೋಮನ್ ರಂಗಮಂದಿರ: ಯಾರು ಎಲ್ಲಿ ಕೂರುತ್ತಿದ್ದರು?

ರೋಮನ್ ನಾಗರಿಕತೆಯ ಪಾಠದಲ್ಲಿ ಪ್ರಶಿಕ್ಷಣಾರ್ಥಿಗಳು ರಂಗಮಂದಿರದ ಚಿತ್ರ ತೂಗುಹಾಕಿ, ಅದರ ಭಾಗಗಳ ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಮುಂದೆ ಸಾಗುವುದುಂಟು. ಮಕ್ಕಳು ಹೆಸರುಗಳನ್ನು ಒಪ್ಪಿಸುತ್ತಾರೆ. ಕಟ್ಟಡ ಹಾಗೇಕೆ ಇತ್ತು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಆ ಕಟ್ಟಡದ ವಿನ್ಯಾಸದಲ್ಲಿ ಆ ಸಮಾಜದ ಮೇಲುಕೀಳಿನ ವ್ಯವಸ್ಥೆಯೇ ಇದೆ ಎಂಬುದನ್ನು ತೋರಿಸಿದರೆ ಪಾಠ ಮನಸ್ಸಿನಲ್ಲಿ ನಿಲ್ಲುತ್ತದೆ.

ದಕ್ಷಿಣ ಫ್ರಾನ್ಸಿನ ಒರಾಂಜ್ ಪಟ್ಟಣದ ರಂಗಮಂದಿರ ಇದಕ್ಕೆ ಒಳ್ಳೆಯ ಉದಾಹರಣೆ. ಕ್ರಿ.ಶ. 1ನೆಯ ಶತಮಾನದ್ದೆಂದು ಹೇಳಲಾಗುವ ಇದರ ರಂಗದ ಹಿಂಗೋಡೆ ಇಂದಿಗೂ ನಿಂತಿದೆ. ಅದರ ಉದ್ದ 103 ಮೀಟರ್, ಎತ್ತರ ಸುಮಾರು 37 ಮೀಟರ್.

ವಿನ್ಯಾಸದಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಗುಡ್ಡಕ್ಕೆ ಒರಗಿಸಿ ಕಟ್ಟಿದ ಅರ್ಧವೃತ್ತದ ಮೆಟ್ಟಿಲಾಸನಗಳು, ಅವುಗಳ ಬುಡದಲ್ಲಿ ಆರ್ಕೆಸ್ಟ್ರಾ ಎಂಬ ಅರ್ಧವೃತ್ತಾಕಾರದ ಸಮತಟ್ಟು ನೆಲ, ಅದರಾಚೆ ವೇದಿಕೆ ಮತ್ತು ಹಿಂಗೋಡೆ. ಗ್ರೀಕ್ ರಂಗಮಂದಿರಗಳಲ್ಲಿ ಆರ್ಕೆಸ್ಟ್ರಾ ಮೇಳದವರು ಹಾಡಿ ಕುಣಿಯುವ ಜಾಗವಾಗಿತ್ತು. ರೋಮನ್ನರು ಅಲ್ಲಿ ಗಣ್ಯರಿಗೆ ಆಸನ ಹಾಕಿದರು. ಆದ್ದರಿಂದಲೇ ವಾಸ್ತುತಜ್ಞ ವಿಟ್ರೂವಿಯಸ್, ವೇದಿಕೆ ಐದು ಅಡಿಗಿಂತ ಎತ್ತರವಿರಬಾರದು ಎಂದ. ಎತ್ತರವಾದರೆ ಆರ್ಕೆಸ್ಟ್ರಾದಲ್ಲಿ ಕುಳಿತವರಿಗೆ ನಟರ ಅಭಿನಯ ಕಾಣುವುದಿಲ್ಲ.

ಗಣ್ಯರ ಹಿಂದಿನ ಸಾಲುಗಳೂ ಕಾನೂನಿನಂತೆ ಹಂಚಿಕೆಯಾಗಿದ್ದವು. ರೋಮ್ ನಗರದಲ್ಲಿ ಕ್ರಿ.ಪೂ. 67ರ ಕಾನೂನು ಅಶ್ವಾರೋಹಿಗಳೆಂಬ ಸಿರಿವಂತ ವರ್ಗಕ್ಕೆ 14 ಸಾಲುಗಳನ್ನು ಕಾದಿರಿಸಿತು. ಒರಾಂಜ್‌ನಲ್ಲಿ ಆ ವರ್ಗಕ್ಕೆ ಮೂರು ಸಾಲುಗಳೆಂದು ಸೂಚಿಸುವ ಅಕ್ಷರಗಳು ಕಲ್ಲಿನ ಮೇಲೆಯೇ ಇವೆ. ಚಕ್ರವರ್ತಿ ಆಗಸ್ಟಸ್ ಸೈನಿಕರನ್ನು ಜನಸಾಮಾನ್ಯರಿಂದ ಬೇರ್ಪಡಿಸಿದ. ಬಾಲಕರಿಗೆ ಒಂದು ವಿಭಾಗ, ಅದರ ಪಕ್ಕದಲ್ಲೇ ಅವರ ಶಿಕ್ಷಕರಿಗೆ ಇನ್ನೊಂದು ವಿಭಾಗ ಕೊಟ್ಟ. ಕಪ್ಪು ಹೊದಿಕೆಯವರು ನಡುಭಾಗದಲ್ಲಿ ಕೂರುವಂತಿರಲಿಲ್ಲ.

ತರಗತಿಯಲ್ಲಿ ಇದನ್ನು ಹೀಗೆ ತರಬಹುದು. ಕಪ್ಪುಹಲಗೆಯ ಮೇಲೆ ಒಂದು ಅರ್ಧವೃತ್ತ, ಅದರ ಎದುರು ಒಂದು ಸರಳರೇಖೆ ಎಳೆಯಿರಿ. ಸೆನೆಟರ್, ಅಶ್ವಾರೋಹಿ, ಸೈನಿಕ, ಬಾಲಕ, ಶಿಕ್ಷಕ, ಬಡ ಕೂಲಿಕಾರ ಎಂದು ಬರೆದ ಚೀಟಿಗಳನ್ನು ಕೊಟ್ಟು, ಯಾರ ಜಾಗ ಎಲ್ಲಿರಬಹುದೆಂದು ಮಕ್ಕಳಿಂದಲೇ ಗುರುತು ಮಾಡಿಸಿ. ಕಾರಣ ಕೇಳಿ, ಆಮೇಲೆ ಕಾನೂನು ತಿಳಿಸಿ. ಒಂದು ಎಚ್ಚರ: ಚೀಟಿಗಳನ್ನು ಮಕ್ಕಳೇ ಎತ್ತಲಿ, ನೀವು ಆರಿಸಿ ಕೊಡಬೇಡಿ. ಕೊನೆಯ ಬೆಂಚಿನ ಮಗುವಿಗೆ ನಿಮ್ಮ ಕೈಯಿಂದಲೇ ಕೂಲಿಕಾರನ ಚೀಟಿ ಸಿಕ್ಕರೆ ಅದು ಕಲಿಯುವ ಪಾಠ ಬೇರೆಯೇ ಆಗುತ್ತದೆ.

ಮೌಲ್ಯಮಾಪನದ ಕೊನೆಗೆ ಒಂದು ಪ್ರಶ್ನೆ ಇರಲಿ: ನಮ್ಮ ತರಗತಿಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಅದನ್ನು ನಿರ್ಧರಿಸಿದವರು ಯಾರು? ಪಾಠಯೋಜನೆ ಬರೆಯುವಾಗ ಪ್ರಶಿಕ್ಷಣಾರ್ಥಿಯೇ ಮೊದಲು ಇದಕ್ಕೆ ಉತ್ತರ ಬರೆದುಕೊಳ್ಳುವುದು ಒಳ್ಳೆಯದು.